ಬರೆಯ ಕೆಳಗೆ ಮನೆ ಮಾಡಿದ ಮಗಳಿಗೆ

ಚಿ. ಶ್ರುತಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಡಿಕೇರಿ ಹತ್ತಿರದ ಶಾಲೆಗೆ ಸೇರಿದೆ, ಬಾಡಿಗೆ ಮನೆಯೂ ಸಿಕ್ಕಿತು ಎಂದು ನಿನ್ನ ಅಪ್ಪ ಹೇಳಿದ. ನೀನು ಕಳುಹಿಸಿದ ಫೋಟೋ ನೋಡಿದೆ. ಮನೆ ಚೆನ್ನಾಗಿದೆ. ಆದರೆ ನನ್ನ ಕಣ್ಣು ನಿಂತದ್ದು ಅಡುಗೆಮನೆಯ ಹಿಂದಿನ ಬರೆಯ ಮೇಲೆ. ಗುಡ್ಡವನ್ನು ಗೋಡೆಯಂತೆ ನೇರವಾಗಿ ಕಡಿದು ಮನೆಗೆ ಜಾಗ ಮಾಡಿದ್ದಾರೆ. ಅಂಥ ಕಡೆ ಮಳೆಗಾಲ ಕಳೆಯುವವರಿಗೆ ಯಾವಾಗ ಮನೆ ಬಿಡಬೇಕೆಂಬುದು ಮೊದಲೇ ಗೊತ್ತಿರಬೇಕು. ಅದಕ್ಕೇ ಈ ಪತ್ರ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯೆಲ್ಲ ಗುಡ್ಡ ಜರಿದಾಗ ನಾವೂ ತೋಟದೊಳಗೆ ನಡೆದೇ ಹೊರಬಿದ್ದವರು. ಹಿಂದಿನ ದಿನ ಬೆಳಿಗ್ಗೆಯೇ ತೋಡಿನ ನೀರು ಕೆಂಪಾಗಿತ್ತು. ಮಧ್ಯಾಹ್ನ ಮಳೆ ಬಿಡದೆ ಸುರಿಯುತ್ತಿದ್ದರೂ ನೀರು ತಟ್ಟನೆ ಇಳಿಯಿತು. “ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದಿದೆ, ಹೊರಡೋಣ” ಎಂದಳು ನಿನ್ನ ದೊಡ್ಡಮ್ಮ. ನಾನು ಕೇಳಲಿಲ್ಲ. ಮರುದಿನ ಹೊರಟಾಗಲೂ ಎರಡು ಸೂಟ್‌ಕೇಸ್ ತುಂಬಿಸುತ್ತ ಒಂದು ಗಂಟೆ ಕಳೆದೆ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಎರಡನ್ನೂ ಕಾಫಿ ಗಿಡದ ಬುಡದಲ್ಲಿ ಬಿಟ್ಟೆವು. ಅಷ್ಟರಲ್ಲಿ ಕೆಳಗಿನ ಕಾಲುಸಂಕ, ತೋಡು ದಾಟುವ ಆ ಕಿರುಸೇತುವೆ, ಕೊಚ್ಚಿಹೋಗಿತ್ತು. ಮೂರು ಗಂಟೆ ಗುಡ್ಡ ಸುತ್ತಿದೆವು. ದೊಡ್ಡಮ್ಮನ ಮೊಣಕಾಲು ಅಂದಿನಿಂದ ಸರಿಹೋಗಿಲ್ಲ. ಅವಳು ಮೆಟ್ಟಿಲು ಹತ್ತುವಾಗಲೆಲ್ಲ ಆ ಒಂದು ಗಂಟೆ ನನಗೆ ನೆನಪಾಗುತ್ತದೆ.

ನಿನ್ನ ಮನೆಯೊಡೆಯರ ತೋಟದಲ್ಲಿ ಮಳೆಮಾಪಕ ಇದ್ದರೆ ಪ್ರತಿದಿನ ಬೆಳಿಗ್ಗೆ ಎಷ್ಟು ಇಂಚು ಎಂದು ಕೇಳು. ಒಂದು ದಿನದ ಮಳೆಗಿಂತ, ನಾಲ್ಕೈದು ದಿನ ನೀರು ಕುಡಿದ ಮಣ್ಣಿನ ಮೇಲೆ ಬೀಳುವ ಮಳೆ ಅಪಾಯ. ಬರೆಯಲ್ಲಿ ಇದುವರೆಗೆ ಇಲ್ಲದ ಕಡೆ ಒರತೆ ಒಸರಿದರೆ, ಅಂಗಳ ಬಿರುಕು ಬಿಟ್ಟರೆ, ನಿನ್ನೆ ಸಲೀಸಾಗಿ ಮುಚ್ಚಿದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಂಡರೆ, ಮರ ವಾಲಿದರೆ, ಇನ್ನೊಬ್ಬರ ಸಲಹೆಗೆ ಕಾಯಬೇಡ. ಹೊರಡುವಾಗ ಕೊಲ್ಲಿಯ, ಅಂದರೆ ಗುಡ್ಡಗಳ ನಡುವಿನ ನೀರು ಹರಿಯುವ ತಗ್ಗಿನ, ಗುಂಟ ಕೆಳಕ್ಕೆ ಇಳಿಯಬೇಡ, ಮಣ್ಣು ಬರುವುದೂ ಅದೇ ದಾರಿಯಲ್ಲಿ. ಅಡ್ಡಕ್ಕೆ ಸರಿದು ಏಣಿನ, ಅಂದರೆ ಗುಡ್ಡದ ಉಬ್ಬಿದ ಬೆನ್ನಿನ, ಮೇಲೆ ಸೇರಿಕೋ. ರಭಸದ ನೀರು ಮೊಣಕಾಲಿನ ಮಟ್ಟ ಇದ್ದರೂ ಆಳನ್ನು ಉರುಳಿಸುತ್ತದೆ. ದಾಟುವ ಸಾಹಸ ಬೇಡ.

ಕಾಲಿಗೆ ಏನು ಹಾಕುತ್ತೀಯ ಎಂಬುದು ಬಹಳ ಮುಖ್ಯ. ಗಂಬೂಟ್ ಜಿಗಣೆಗೂ ತೋಟದ ಕೆಲಸಕ್ಕೂ ಸರಿ. ಆದರೆ ಒಳಗೆ ನೀರು ಹೊಕ್ಕರೆ ಒಂದೊಂದು ಹೆಜ್ಜೆಗೂ ಕಲ್ಲು ಎತ್ತಿದಂತೆ. ಅಡಿಯಲ್ಲಿ ಆಳವಾದ ಗೆರೆಗಳಿರುವ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಲೇಸ್ ಶೂ ಕೊಂಡುಕೋ. ದಪ್ಪ ಕಾಲುಚೀಲ ಹಾಕಿಕೊಂಡೇ ಅಂಗಡಿಯಲ್ಲಿ ಅಳತೆ ನೋಡು. ಒಂದು ತಿಂಗಳು ಶಾಲೆಗೆ ಅದನ್ನೇ ಹಾಕು. ಹೊಸ ಶೂ ಬೊಬ್ಬೆ ಎಬ್ಬಿಸುವುದು ನಡೆಯಲೇಬೇಕಾದ ದಿನವೇ. ಛತ್ರಿ ಬೇಡ, ರೈನ್‌ಕೋಟ್ ಇರಲಿ. ಒಂದು ಕೈಗೆ ಕೋಲು, ಇನ್ನೊಂದು ಕೈ ಖಾಲಿ. ಕೆಸರಿಗೆ ಕಾಲಿಡುವ ಮೊದಲು ಕೋಲಿನಿಂದ ಚುಚ್ಚಿ ನೋಡು. ಟಾರ್ಚ್ ತಲೆಗೆ ಕಟ್ಟುವಂಥದ್ದು ತೆಗೆದುಕೋ.

ಚೀಲ ಎರಡು ಹೆಗಲಿನದು, ಚಿಕ್ಕದು. ಗುರುತಿನ ಚೀಟಿ, ಅಂಕಪಟ್ಟಿಗಳ ನಕಲು ಪ್ಲಾಸ್ಟಿಕ್ ಕವರಿನಲ್ಲಿ, ಚಿಲ್ಲರೆ ನೋಟು, ನಿನ್ನ ಉಬ್ಬಸದ ಪಂಪ್, ಅವಲಕ್ಕಿ, ಬೆಲ್ಲ, ಕುದಿಸಿದ ನೀರು, ಒಣ ಬಟ್ಟೆ ಒಂದು ಜೊತೆ, ಒಂದು ಸೀಟಿ. ಮಣ್ಣಿನಡಿ ಗಂಟಲು ಸೋತರೂ ಸೀಟಿ ಕೇಳಿಸುತ್ತದೆ. ಮೊಬೈಲಿನಲ್ಲಿ ತುರ್ತು ಸಹಾಯದ 112ಕ್ಕೆ ಕರೆ ಮಾಡಬಹುದು, ಆದರೆ ಟವರ್ ನಿಂತರೆ ಅದನ್ನು ನಂಬಿ ಕೂರುವಂತಿಲ್ಲ. ತುಂಬಿದ ಚೀಲ ಹೊತ್ತು ಒಮ್ಮೆ ಏಣು ಹತ್ತು. ಏದುಸಿರು ಬಂದರೆ ಏನಾದರೂ ತೆಗೆ, ಪಂಪ್ ಮತ್ತು ನೀರು ಮಾತ್ರ ತೆಗೆಯಬೇಡ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಬಂದದ್ದು ಜನ ಮಲಗಿದ್ದ ಹೊತ್ತಿನಲ್ಲಿ. ಆದ್ದರಿಂದ ಅನುಮಾನ ಬಂದ ದಿನ ಬೆಳಕಿರುವಾಗಲೇ ಹೊರಡು. ಬೆಳಗಾದ ಮೇಲೆ ಏನೂ ಆಗಿಲ್ಲವೆಂದು ಯಾರಾದರೂ ನಕ್ಕರೆ ನಗಲಿ. ಪಕ್ಕದ ಲೈನ್‌ಮನೆಗಳಲ್ಲಿರುವ ತೋಟದ ಕೆಲಸಗಾರರಿಗೂ ಬಾಗಿಲು ತಟ್ಟಿ ಹೇಳು, ಅವರಲ್ಲಿ ಅನೇಕರು ಊರಿಗೆ ಹೊಸಬರು.

ಈ ಭಾನುವಾರ ಮನೆಯೊಡೆಯರನ್ನು ಕರೆದುಕೊಂಡು ಮನೆಯಿಂದ ಏಣಿನವರೆಗೆ ನಡೆದು ಬಾ. ದಾರಿಯಲ್ಲಿ ಎಷ್ಟು ಕಾಲುಸಂಕಗಳಿವೆ, ಎಷ್ಟು ನಿಮಿಷ ಹಿಡಿಯಿತು ಎಂದು ನನಗೆ ಬರೆ. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ನಿನ್ನ ದೊಡ್ಡಪ್ಪ