ಕಿವಿ ಮಿಷನ್ ಕೊಟ್ಟರೆ ಸಾಲದು, ಬ್ಯಾಟರಿಯನ್ನೂ ಕೊಡಿ

ಮಾನ್ಯರೇ,

ಕಣ್ಣಿನ ಶಿಬಿರ ಅಂದರೆ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಹೊಸದಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಬಡವರ ಕಣ್ಣಿನ ಪೊರೆ ತೆಗೆದು ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟರು. 1968ರಲ್ಲಿ ಅವರಿಗೆ ಪದ್ಮಭೂಷಣವೂ ಬಂತು. ಈಗ ಲಯನ್ಸ್, ರೋಟರಿ, ಮಠಗಳು ಆ ಕೆಲಸ ಮಾಡುತ್ತಿವೆ. ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಲೆನ್ಸ್ ಹಾಕುತ್ತಾರೆ, ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬರುತ್ತಾಳೆ. ಕೆಲವು ವಾರ ಡ್ರಾಪ್ಸ್ ಬಿಟ್ಟು, ಒಂದೆರಡು ಸಲ ತೋರಿಸಿದರೆ ಹೆಚ್ಚು ಕಡಿಮೆ ಮುಗೀತು.

ಕಿವಿಯದು ಹಾಗಲ್ಲ. ದಾನಿಗಳು ಇದನ್ನು ಗಮನಿಸಬೇಕು ಅಂತಲೇ ಈ ಪತ್ರ.

ನಮ್ಮ ಓಣಿಯ ಒಬ್ಬ ಅಜ್ಜಿಗೆ ಶಿಬಿರವೊಂದರಲ್ಲಿ ಕಿವಿ ಮಿಷನ್ ಸಿಕ್ಕಿತ್ತು. ಈಗ ಅದು ಟ್ರಂಕಿನಲ್ಲಿ ಕರವಸ್ತ್ರದೊಳಗಿದೆ. ತೆಗೆದು ನೋಡಿದರೆ ಬ್ಯಾಟರಿ ಸತ್ತು, ಅದರ ಮನೆಯೊಳಗೆ ಹಸಿರು ಕಿಲುಬು ಹಿಡಿದಿತ್ತು. ಆ ಗುಂಡಿಯಂಥ ಬ್ಯಾಟರಿ ದಿನವಿಡೀ ಹಾಕಿಕೊಂಡರೆ ಒಂದೆರಡು ವಾರ ಬಂದರೆ ಹೆಚ್ಚು. ಮೇಲಿನ ಸ್ಟಿಕ್ಕರ್ ಕಿತ್ತರೆ ಒಳಗೆ ಗಾಳಿ ಹೋಗಿ, ಬಳಸದೆ ಇಟ್ಟರೂ ಖಾಲಿಯಾಗುತ್ತದೆ, ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹಳ್ಳಿಯ ಅಂಗಡಿಯಲ್ಲಿ ಅದು ಸಿಗುವುದೂ ಇಲ್ಲ. ಇನ್ನು ಮಿಷನ್ನಿನ ಜೊತೆ ಕೊಟ್ಟ ರೆಡಿಮೇಡ್ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರದೆ ಕುಂಯ್ ಅಂತ ಕೂಗುತ್ತಿತ್ತಂತೆ. ಅವರವರ ಕಿವಿಯ ಅಳತೆ ತೆಗೆದು ಅಚ್ಚು ಮಾಡಿಸಬೇಕು, ಎಷ್ಟು ಜೋರು ಬೇಕು ಅಂತ ಪರೀಕ್ಷೆ ನೋಡಿ ಹೊಂದಿಸಬೇಕು, ಒಂದು ತಿಂಗಳು ಬಿಟ್ಟು ಮತ್ತೆ ಕರೆದು ಕೇಳಬೇಕು. ಶಾಲು, ಹಾರ, ಫೋಟೊ ಮುಗಿದ ಮೇಲೆ ಇದನ್ನೆಲ್ಲ ಯಾರು ಮಾಡಬೇಕು?

ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಮಗು ಬೆಳೆದ ಹಾಗೆ ಕಿವಿಯೂ ದೊಡ್ಡದಾಗುತ್ತದೆ, ಹಳೆಯ ಅಚ್ಚು ಸಡಿಲವಾಗುತ್ತದೆ. ಚಿಕ್ಕ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸುವ ಯಂತ್ರದ ಒಂದು ಭಾಗವನ್ನು ಕಿವಿಯ ಒಳಗೇ ಕೂರಿಸುವ ಆಪರೇಷನ್ನಿಗೆ ಸರ್ಕಾರವೇ ನೆರವು ಕೊಡುತ್ತದೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹೊರಗೆ ಹಾಕುವ ಯಂತ್ರದ ಕೇಬಲ್ ಕಿತ್ತುಹೋದರೆ ಸಾವಿರಾರು ರೂಪಾಯಿ ಬೇಕು. ಜೊತೆಗೆ ಮಾತು ಕಲಿಸುವ ತರಬೇತಿ ವರ್ಷಗಟ್ಟಲೆ ನಡೆಯಬೇಕು. ಮೈಸೂರಿನಲ್ಲಿ 1965ರಿಂದಲೂ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಅಂಥ ಸಂಸ್ಥೆ ಇರುವುದು ನಮ್ಮ ರಾಜ್ಯದ ಪುಣ್ಯ. ಆದರೆ ಕೂಲಿ ಮಾಡುವ ತಾಯಿ ಇಲ್ಲಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಎಷ್ಟು ಸಲ ಹೋಗಿ ಬರಲು ಸಾಧ್ಯ? ಎರಡು ದಿನದ ಕೂಲಿ ಹೋಗುತ್ತೆ, ಅಲ್ವಾ?

ಹಾಗಾಗಿ ಕೊಡುವವರಲ್ಲಿ ಒಂದು ವಿನಂತಿ. ನೂರು ಜನಕ್ಕೆ ಸುಮ್ನೆ ಮಿಷನ್ ಹಂಚುವ ಬದಲು ಮೂವತ್ತು ಜನಕ್ಕೆ ಕೊಡಿ, ಉಳಿದ ಹಣದಲ್ಲಿ ಅವರಿಗೇ ಎರಡು-ಮೂರು ವರ್ಷ ಬ್ಯಾಟರಿ, ಅಚ್ಚು, ರಿಪೇರಿ, ಬಸ್ ಚಾರ್ಜು ನೋಡಿಕೊಳ್ಳಿ. ಸಂಖ್ಯೆ ಕಡಿಮೆ ಕಾಣಬಹುದು, ಕೇಳಿಸುವವರ ಸಂಖ್ಯೆ ಜಾಸ್ತಿಯಾಗುತ್ತದೆ. ಮನೆಯಲ್ಲಿ ಹುಟ್ಟುಹಬ್ಬಕ್ಕೆ ದಾನ ಮಾಡುವವರು ಹತ್ತಿರದ ಕಿವುಡ ಮಕ್ಕಳ ಶಾಲೆಗೆ ಹೋಗಿ ಯಾವ ನಂಬರಿನ ಬ್ಯಾಟರಿ ಬೇಕು ಅಂತ ಕೇಳಿ, ಅದನ್ನೇ ತಂದುಕೊಡಿ.

ನಿಮ್ಮ ಪತ್ರಿಕೆಯಿಂದಲೂ ಒಂದು ಸಹಾಯ ಆಗಬೇಕು. ಶಿಬಿರದ ಸುದ್ದಿ ಹಾಕುವಾಗ, ಕೊಟ್ಟ ಮಿಷನ್ ಕೆಟ್ಟರೆ ಎಲ್ಲಿಗೆ ಹೋಗಬೇಕು, ಜಿಲ್ಲಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವರು ಯಾವ ದಿನ ಸಿಗುತ್ತಾರೆ ಅನ್ನುವುದನ್ನೂ ಸಂಘಟಕರಿಂದ ಕೇಳಿ ಪ್ರಕಟಿಸಿ.

– ನಿವೃತ್ತ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ