ರಕ್ತದಾನ ಜಯಂತಿಯ ದಿನಕ್ಕಷ್ಟೇ ಸೀಮಿತವಾಗದಿರಲಿ

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯಲ್ಲಿ ರಕ್ತದಾನ ಶಿಬಿರಗಳು ನಡೆಯುವುದಿಲ್ಲವೆಂದಲ್ಲ. ನಾಯಕರ ಹುಟ್ಟುಹಬ್ಬ, ಮಹನೀಯರ ಜಯಂತಿ, ಸಂಘದ ವಾರ್ಷಿಕೋತ್ಸವ ಬಂದರೆ ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ, ಒಂದೇ ದಿನ ಎಷ್ಟು ಯೂನಿಟ್ ಸಂಗ್ರಹವಾಯಿತೆಂದು ಹೇಳಿಕೊಳ್ಳುವುದು ವಾಡಿಕೆ. ಅಲ್ಲಿ ರಕ್ತ ಕೊಟ್ಟವರ ಬಗ್ಗೆ ನನಗೆ ಗೌರವವಿದೆ. ಆದರೆ ಕೆಂಪು ರಕ್ತಕಣಗಳನ್ನು ಶೀತಲ ಪೆಟ್ಟಿಗೆಯಲ್ಲಿಟ್ಟರೂ 35ರಿಂದ 42 ದಿನ ಮಾತ್ರ ಬಳಸಬಹುದು. ಪ್ಲೇಟ್‌ಲೆಟ್‌ಗಳ ಆಯುಷ್ಯ ಐದೇ ದಿನ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ಪರೀಕ್ಷೆ, ರಜೆ ಬಂದು, ಬಿಸಿಲು 40 ಡಿಗ್ರಿ ದಾಟಿ ಶಿಬಿರಗಳು ವಿರಳವಾದಾಗ, ಹಿಂದಿನ ಚಳಿಗಾಲದಲ್ಲಿ ರಾಶಿ ಬಿದ್ದ ರಕ್ತ ಯಾರ ಉಪಯೋಗಕ್ಕೂ ಬರುವುದಿಲ್ಲ. ಹೆರಿಗೆಗಳು, ಅಪಘಾತಗಳು ಮಾತ್ರ ನಿಲ್ಲುವುದಿಲ್ಲ. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು.

ಕಳೆದ ಬೇಸಿಗೆಯಲ್ಲಿ ಬಂಧುವೊಬ್ಬರ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯೊಂದರ ರಕ್ತನಿಧಿಯ ಎದುರು ಕುಳಿತಿದ್ದೆ. ಹೆರಿಗೆಯ ನಂತರ ರಕ್ತಸ್ರಾವವಾಗುತ್ತಿದ್ದ ಬಾಣಂತಿಯ ಮನೆಯವರಿಗೆ, ನಿಮ್ಮ ಕಡೆಯವರು ಇಬ್ಬರು ಕೊಟ್ಟರೆ ಬಾಟಲಿ ಕೊಡುತ್ತೇವೆ ಎಂದು ಸಿಬ್ಬಂದಿ ಹೇಳಿದರು. ಮುಂದಾದ ಮೈದುನನ ತೋಳನ್ನು ಅವನ ತಾಯಿ ಬಿಗಿಹಿಡಿದು, "ಬಿತ್ತಿಗಿ ಬಂತು, ಕಸುವು ಹೋದ್ರ ಹೊಲದಾಗ ದುಡಿಯವ್ರು ಯಾರು?" ಎಂದರು. ಆ ತಾಯಿಯನ್ನು ಜರಿಯಲು ನನಗೆ ಮನಸ್ಸಾಗಲಿಲ್ಲ. ಮೈಮುರಿದು ದುಡಿದೇ ಉಣ್ಣುವ ಮನೆಯಲ್ಲಿ ಆ ಭಯ ಸಹಜ; ಅದನ್ನು ಹೋಗಲಾಡಿಸುವ ಮಾತನ್ನು ಯಾರೂ ಅವರ ಊರಿಗೆ ಹೋಗಿ ಮೊದಲೇ ಹೇಳಿರಲಿಲ್ಲ ಎಂಬುದೇ ನನ್ನ ದೂರು. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ, ತೆಗೆಯುವುದು 350 ಅಥವಾ 450 ಮಿ.ಲೀ. ಅದರ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ರಕ್ತಕಣಗಳು ಕೆಲವು ವಾರಗಳಲ್ಲಿ. ಆ ದಿನ ಭಾರದ ಕೆಲಸ ಬಿಟ್ಟು ನೀರು ಹೆಚ್ಚು ಕುಡಿದರೆ ಸಾಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದೆಂಬ ನಿಯಮ ಈ ಲೆಕ್ಕದ ಮೇಲೆಯೇ ನಿಂತಿದೆ.

ಬಂಧುಗಳ ಮೇಲೆ ಹೀಗೆ ಒತ್ತಡ ಹೇರುವುದು ಅಮಾನವೀಯ ಮಾತ್ರವಲ್ಲ, ಅಪಾಯಕಾರಿ ಕೂಡ. ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನಿಂದ ಹಣಕ್ಕಾಗಿ ರಕ್ತ ಮಾರುವುದು ನಿಷಿದ್ಧವಾಗಿದೆ. ಆದರೂ ಕೊಡುವವರಿಲ್ಲದ ಕುಟುಂಬ ಗಾಬರಿಯಲ್ಲಿ ಯಾರನ್ನೋ ಸಂಬಂಧಿಯೆಂದು ಹೇಳಿ ಕರೆತಂದರೆ, ಅವನು ತನ್ನ ಕಾಯಿಲೆಯನ್ನು ಮುಚ್ಚಿಡುವ ಸಾಧ್ಯತೆಯಿರುತ್ತದೆ. ಪ್ರತಿ ಯೂನಿಟ್ ಅನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುತ್ತಾರೆಂಬುದು ನಿಜ. ಆದರೆ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದಿರಬಹುದು. ಯಾವ ಒತ್ತಡವೂ ಇಲ್ಲದೆ, ಪದೇಪದೇ ಕೊಡುವವರ ರಕ್ತ ಹೆಚ್ಚು ಸುರಕ್ಷಿತವೆನ್ನುವುದು ಇದೇ ಕಾರಣಕ್ಕೆ.

ಮಹಿಳೆಯರ ವಿಷಯದಲ್ಲಿ ಇನ್ನೊಂದು ನೋವಿದೆ. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲದವರಿಂದ ರಕ್ತ ಪಡೆಯುವಂತಿಲ್ಲ, ಅದು ಸರಿ. ಆದರೆ ಉತ್ಸಾಹದಿಂದ ಬಂದ ವಿದ್ಯಾರ್ಥಿನಿಯನ್ನು "ನಿಮಗೇ ರಕ್ತ ಇಲ್ಲ" ಎಂಬ ಒಂದೇ ಮಾತಿನಿಂದ ಎಲ್ಲರೆದುರು ವಾಪಸು ಕಳುಹಿಸಿದರೆ ಅವಳು ಇನ್ನೊಂದು ಶಿಬಿರದತ್ತ ತಲೆಹಾಕುವುದಿಲ್ಲ. ಅವಳ ಕೈಗೆ ಕಬ್ಬಿಣಾಂಶದ ಮಾತ್ರೆಗೆ ಚೀಟಿ ಬರೆದುಕೊಟ್ಟು, ಕೆಲ ತಿಂಗಳ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಲು ಹೇಳಿದರೆ ಅವಳ ಆರೋಗ್ಯವೂ ಸುಧಾರಿಸುತ್ತದೆ, ಮುಂದೊಂದು ದಿನ ಅವಳು ದಾನಿಯೂ ಆಗಬಹುದು.

ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆಯು ಸಂಘಸಂಸ್ಥೆಗಳನ್ನು ಕೂರಿಸಿಕೊಂಡು ಶಿಬಿರಗಳನ್ನು ತಾಲ್ಲೂಕುವಾರು, ತಿಂಗಳುವಾರು ಹಂಚಬೇಕು. ಕಾಲೇಜುಗಳು ಮುಚ್ಚಿರುವಾಗ ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಸಿಂಧನೂರಿನ ಅಕ್ಕಿ ಗಿರಣಿಗಳಂಥ ಕಡೆ, ಬಿಸಿಲಿಳಿದ ಮೇಲೆ ಸಂಜೆಯ ಹೊತ್ತು ಶಿಬಿರ ಇಡಬಹುದು. ಮುಂದಿನ ಏಪ್ರಿಲ್, ಮೇ ತಿಂಗಳ ವೇಳಾಪಟ್ಟಿಯನ್ನು ಜನವರಿಯಲ್ಲೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ