ಒದ್ದೆ ಟವೆಲ್ಲಿನ ಮುಗ್ಗು ವಾಸನೆ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ಮಳೆಗಾಲ ಶುರುವಾದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ, ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಪಾಡು ಎಲ್ಲರಿಗೂ ಗೊತ್ತು. ಅದರಲ್ಲೂ ಟವೆಲ್! ಒಗೆದು ಮಡಚಿಟ್ಟದ್ದರಲ್ಲೇ ಮುಖ ಒರೆಸಿದರೂ ಮುಗ್ಗು ವಾಸನೆ.

ಸೋಪಿನ ಪುಡಿ ಕಮ್ಮಿಯಾಯಿತು ಅಂತ ನಾನು ಜಾಸ್ತಿ ಜಾಸ್ತಿ ಸುರಿಯುತ್ತಿದ್ದೆ. ಅದೇ ತಪ್ಪು. ಸರಿಯಾಗಿ ಜಾಲಿಸದೆ ಉಳಿದ ಸೋಪು, ಮೈಯ ಜಿಡ್ಡು ಎರಡೂ ಎಳೆಗಳಲ್ಲಿ ಕೂತುಬಿಡುತ್ತವೆ, ಒದ್ದೆ ಇದ್ದಷ್ಟು ಹೊತ್ತೂ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಬರುವುದು ಅವುಗಳಿಂದಲೇ. ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಕೂಡ ಬೇಡ, ಟವೆಲ್ ನೀರು ಹೀರುವುದನ್ನೇ ಬಿಡುತ್ತದೆ.

ನಮ್ಮ ಬಚ್ಚಲ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ಅದಕ್ಕೆ ಸಿಕ್ಕಿಸಿದ ಟವೆಲ್ ಮಧ್ಯಾಹ್ನ ಮುಟ್ಟಿದರೆ ಹೊರಗೆ ಒಣಗಿರುತ್ತಿತ್ತು, ಮಡಿಕೆಯೊಳಗೆ ಬೆರಳಿಟ್ಟರೆ ಇನ್ನೂ ತಣ್ಣಗೆ. ಈಗ ಫ್ಯಾನಿನ ಕೆಳಗೆ ಅಗಲವಾಗಿ ಹರವುತ್ತೇವೆ. ಮೂರು ನಾಲ್ಕು ಸಲ ಬಳಸಿದ ಮೇಲೆ 60 ಡಿಗ್ರಿ ಬಿಸಿನೀರಲ್ಲಿ, ಅರ್ಧ ಪುಡಿ ಹಾಕಿ ಒಗೆಯುವುದು. ವಾಸನೆ ಹಟ ಹಿಡಿದರೆ ಕೊನೆಗೆ ಜಾಲಿಸುವ ನೀರಿಗೆ ಒಂದು ಕಪ್ ಬಿಳಿ ವಿನೆಗರ್, ಆದರೆ ಬ್ಲೀಚ್ ಜೊತೆ ಖಂಡಿತ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಮಳೆಗಾಲಕ್ಕೆ ದಪ್ಪ ಟವೆಲ್‌ಗಿಂತ ತೆಳ್ಳನೆ ಹತ್ತಿಯದೇ ವಾಸಿ, ಬೇಗ ಆರುತ್ತದೆ.

ಹೊಸ ಮನೆ ಕಟ್ಟಿಸುವವರಲ್ಲಿ ಒಂದು ವಿನಂತಿ. ಮಾಳಿಗೆ ಮೇಲೆ ನಾಲ್ಕು ತಗಡಿನ ಚಪ್ಪರ ಹಾಕಿಸಿ, ಸುತ್ತ ಗಾಳಿಗೆ ಬಿಡಿ.

– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ